ಬೆರಳು, ಕಣ್ಣು ಮತ್ತು ಮಗುವಿನ ಭಯ

1976ರ ಜುಲೈ 15ರಂದು ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಪುಟ್ಟ ಊರಿನಲ್ಲಿ, ಬೇಸಿಗೆ ಶಾಲೆಯಿಂದ ಮರಳುತ್ತಿದ್ದ ಮಕ್ಕಳ ಬಸ್ಸನ್ನು ಮೂವರು ಬಂದೂಕುಧಾರಿಗಳು ಅಡ್ಡಗಟ್ಟಿದರು. 26 ಮಕ್ಕಳನ್ನೂ ಬಸ್ಸಿನ ಚಾಲಕನನ್ನೂ ಕಿಟಕಿ ಮುಚ್ಚಿದ ವ್ಯಾನುಗಳಲ್ಲಿ ಗಂಟೆಗಟ್ಟಲೆ ಸುತ್ತಾಡಿಸಿದರು. ಕೊನೆಗೆ ಲಿವರ್‌ಮೋರ್ ಬಳಿಯ ಕಲ್ಲುಗಣಿಯೊಂದರಲ್ಲಿ ಮೊದಲೇ ಹೂತಿಟ್ಟಿದ್ದ ಲಾರಿಯ ಪೆಟ್ಟಿಗೆಯೊಳಗೆ ಎಲ್ಲರನ್ನೂ ಇಳಿಸಿ ಮೇಲೆ ಮಣ್ಣು ಮುಚ್ಚಿದರು. ಸುಮಾರು 16 ಗಂಟೆಗಳ ನಂತರ ಚಾಲಕನೂ ಹಿರಿಯ ಹುಡುಗರೂ ಸೇರಿ ದಾರಿ ಮಾಡಿಕೊಂಡು ಎಲ್ಲರನ್ನೂ ಹೊರತಂದರು. ಒಂದು ಮಗುವೂ ಸಾಯಲಿಲ್ಲ. ಮೈಮೇಲೆ ಹೇಳಿಕೊಳ್ಳುವಂಥ ಗಾಯವೂ ಇರಲಿಲ್ಲ. ಹಾಗಾಗಿ ಮಕ್ಕಳು ಮನೆ ಸೇರಿದರು, ಸುದ್ದಿಗಾರರು ತಮ್ಮ ಊರು ಸೇರಿದರು.

ಒಬ್ಬಿಬ್ಬರಿಗೆ ಮಾನಸಿಕ ತೊಂದರೆ ಕಾಣಿಸಬಹುದು, ಉಳಿದವರು ಮರೆಯುತ್ತಾರೆ ಎಂಬುದು ಆ ದಿನಗಳ ಅಂದಾಜಾಗಿತ್ತು. ಮಕ್ಕಳ ಮನೋವೈದ್ಯೆ ಲೆನೋರ್ ಟೆರ್ ಆ ಊರಿಗೆ ಹೋಗಿ ಮಕ್ಕಳ ಜೊತೆ ಕುಳಿತು ಮಾತನಾಡಿದರು. ನಾಲ್ಕು ವರ್ಷಗಳ ನಂತರ ಅದೇ ಮಕ್ಕಳನ್ನು ಮತ್ತೆ ಕಂಡರು. ಘಟನೆಯ ಗುರುತು ಉಳಿಯದ ಮಗು ಒಂದೂ ಇರಲಿಲ್ಲ. ಕತ್ತಲೆಯ ಭಯ, ಅಪರಿಚಿತರ ಭಯ, ವಾಹನಗಳ ಭಯ ಇದ್ದವು. ಒಂದೇ ಆಟವನ್ನು ಸಂತೋಷವಿಲ್ಲದೆ ಮತ್ತೆ ಮತ್ತೆ ಆಡುವ ಚಟವಿತ್ತು. ತಾನು ದೊಡ್ಡವನಾಗುವ ತನಕ ಬದುಕಿರುವುದಿಲ್ಲ ಎಂಬ ನಂಬಿಕೆಯೂ ಇತ್ತು. 'ಮಕ್ಕಳಲ್ಲವೇ, ಮರೆತುಬಿಡುತ್ತವೆ' ಎಂದು ಕನ್ನಡದ ಮನೆಗಳಲ್ಲಿ ಹಗುರವಾಗಿ ಹೇಳುವ ಮಾತಿಗೆ ಆಧಾರವಿಲ್ಲವೆಂದು ಸಾಬೀತಾದದ್ದು ಹೀಗೆ. ಮಗು ಮರೆಯುವುದಿಲ್ಲ. ಹೇಳುವುದನ್ನು ನಿಲ್ಲಿಸುತ್ತದೆ, ಅಷ್ಟೆ.

ಈ ಅರಿವು ವೈದ್ಯಶಾಸ್ತ್ರದೊಳಗೆ ತಾನಾಗಿ ಮೂಡಿದ್ದಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ಮತ್ತು ಅವರ ಜೊತೆ ನಿಂತ ವೈದ್ಯರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ. ಅತ್ಯಾಚಾರವೂ ಮನೆಯೊಳಗಿನ ಹಿಂಸೆಯೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವೂ ಯುದ್ಧದಷ್ಟೇ ಆಳವಾದ ಗಾಯ ಮಾಡುತ್ತವೆಂದು ವೈದ್ಯಲೋಕ ಒಪ್ಪುವಂತೆ ಮಾಡಿದ್ದು ಮಹಿಳಾ ಚಳವಳಿ. ಆಘಾತದ ಅಧ್ಯಯನಕ್ಕೆ ರಾಜಕೀಯ ಚಳವಳಿಯೊಂದರ ಬೆಂಬಲ ಇಲ್ಲದಾಗಲೆಲ್ಲ ಸಮಾಜ ಅದನ್ನು ಮರೆತುಬಿಟ್ಟಿದೆ ಎಂಬುದು ಜುಡಿತ್ ಹರ್ಮನ್ 1992ರಲ್ಲಿ ಬರೆದ 'ಟ್ರಾಮಾ ಆ್ಯಂಡ್ ರಿಕವರಿ' ಕೃತಿಯ ಮುಖ್ಯ ವಾದಗಳಲ್ಲಿ ಒಂದು. ಮಗುವಿನ ಭಯಕ್ಕೆ ಯಾವ ಚಿಕಿತ್ಸೆ ಎಂಬ ಪ್ರಶ್ನೆ ಕೇವಲ ಚಿಕಿತ್ಸಾಲಯಕ್ಕೆ ಸೇರಿದ್ದಲ್ಲ ಎನ್ನುವುದಕ್ಕೆ ಇದೇ ಕಾರಣ.

ಆ ಚಿಕಿತ್ಸೆಗಳ ಪೈಕಿ ಹೆಚ್ಚು ಕುತೂಹಲವನ್ನೂ ಹೆಚ್ಚು ಅನುಮಾನವನ್ನೂ ಹುಟ್ಟಿಸಿರುವುದು ಕಣ್ಣಿನ ಚಲನೆಯ ಚಿಕಿತ್ಸೆ. ಇಎಂಡಿಆರ್ ಎಂಬ ಸಂಕ್ಷಿಪ್ತ ಹೆಸರಿನಿಂದ ಅದು ಪ್ರಸಿದ್ಧ. 1987ರಲ್ಲಿ ಫ್ರಾನ್ಸಿನ್ ಶಪೀರೊ ಕ್ಯಾಲಿಫೋರ್ನಿಯಾದ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ತನ್ನ ಕಣ್ಣುಗಳು ಅತ್ತಿತ್ತ ವೇಗವಾಗಿ ಚಲಿಸಿದ ಮೇಲೆ ಮನಸ್ಸನ್ನು ಕಾಡುತ್ತಿದ್ದ ಯೋಚನೆಯ ಮೊನೆ ಮೊಂಡಾದದ್ದನ್ನು ಗಮನಿಸಿದರೆಂಬುದು ಅದರ ಹುಟ್ಟಿನ ಕಥೆ. 1989ರಲ್ಲಿ ಅವರು 22 ಮಂದಿಯ ಮೇಲೆ ನಡೆಸಿದ ಮೊದಲ ಅಧ್ಯಯನ ಪ್ರಕಟವಾಯಿತು. ಸೇಬಿನ ಮರದ ಕೆಳಗೆ ಕುಳಿತ ನ್ಯೂಟನ್ನನ ಕಥೆಯಂತೆ ಇದೂ ತುಸು ಹೆಚ್ಚೇ ಅಚ್ಚುಕಟ್ಟಾಗಿದೆ. ಎಚ್. ನರಸಿಂಹಯ್ಯನವರ ವೈಚಾರಿಕ ಪರಂಪರೆಯಲ್ಲಿ ಬೆಳೆದ ಓದುಗರಿಗೆ, ಕಣ್ಣ ಮುಂದೆ ಬೆರಳಾಡಿಸಿ ಭಯ ಬಿಡಿಸುವುದೆಂದರೆ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದದ್ದೇ ನೆನಪಾದರೆ ತಪ್ಪಿಲ್ಲ. ಅನುಮಾನ ಆರೋಗ್ಯಕರ. ಆದರೆ ಅದು ಪುರಾವೆಯನ್ನು ನೋಡುವ ತನಕದ ಅನುಮಾನವಾಗಿರಬೇಕು.

ಮೊದಲು, ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದೇನು ಎಂಬುದು. ಹೊರಗಿನವರು ಊಹಿಸುವಂತೆ ಮಗು ಬಂದೊಡನೆ ಯಾರೂ ಬೆರಳಾಡಿಸುವುದಿಲ್ಲ. ಒಟ್ಟು ಎಂಟು ಹಂತಗಳ ಈ ಕ್ರಮದಲ್ಲಿ ಕಣ್ಣಿನ ಚಲನೆ ಬರುವುದು ನಾಲ್ಕನೆಯ ಹಂತಕ್ಕೆ. ಅದಕ್ಕೂ ಮೊದಲು ಮಗುವಿನ ಹಿನ್ನೆಲೆಯನ್ನು ತಿಳಿಯಬೇಕು. ಮನೆಯಲ್ಲಿ ಈಗಲೂ ಅಪಾಯವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮಗುವಿಗೆ ನೆಮ್ಮದಿ ಕೊಡುವ ಒಂದು ಜಾಗವನ್ನು, ಅದು ನಿಜದ್ದೋ ಕಲ್ಪನೆಯದೋ, ಮನಸ್ಸಿನಲ್ಲಿ ಕಟ್ಟಿಕೊಡಬೇಕು. ನಡುವೆ ಬೇಡವೆನಿಸಿದರೆ ಕೈಯೆತ್ತಿ ನಿಲ್ಲಿಸುವ ಸಂಜ್ಞೆಯನ್ನು ಕಲಿಸಬೇಕು. ತನ್ನ ಮಾತಿಗೆ ಬೆಲೆಯಿಲ್ಲದೆ ಹೋದ ಒಂದು ಘಟನೆಯಿಂದ ಬಂದಿರುವ ಮಗುವಿಗೆ, ಕೈಯೆತ್ತಿದರೆ ದೊಡ್ಡವರು ನಿಲ್ಲುತ್ತಾರೆ ಎಂಬ ಅನುಭವವೇ ಅರ್ಧ ಔಷಧಿ.

ಆಮೇಲೆ ನೆನಪಿನ ಅತ್ಯಂತ ಕೆಟ್ಟ ಚಿತ್ರ ಯಾವುದೆಂದು ಕೇಳಲಾಗುತ್ತದೆ. ಆ ಚಿತ್ರದ ಜೊತೆ ತನ್ನ ಬಗ್ಗೆ ಏನನಿಸುತ್ತದೆ, ಮೈಯಲ್ಲಿ ಎಲ್ಲಿ ಹಿಂಸೆಯಾಗುತ್ತದೆ, ಎಷ್ಟು ಹಿಂಸೆ ಎಂದೂ ಕೇಳಲಾಗುತ್ತದೆ. ದೊಡ್ಡವರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಚಿಕ್ಕ ಮಕ್ಕಳು ಎರಡು ಕೈಗಳನ್ನು ಅಗಲಿಸಿ 'ಇಷ್ಟು' ಎಂದು ತೋರಿಸುತ್ತಾರೆ. 'ತಪ್ಪು ನನ್ನದೇ', 'ನಾನು ಕೆಟ್ಟವಳು', 'ಯಾರೂ ಬರುವುದಿಲ್ಲ' ಎಂಬಂಥ ಮಾತುಗಳು ಇಲ್ಲಿ ಹೊರಬರುತ್ತವೆ. ಮಗು ಆ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದುಕೊಂಡಿರುವಾಗಲೇ ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ, ಅರ್ಧ ನಿಮಿಷದ ಆಸುಪಾಸು. ನಿಲ್ಲಿಸಿ, 'ಈಗ ಏನು ಬಂತು?' ಎಂದು ಕೇಳಿ, ಬಂದದ್ದರೊಡನೆ ಮತ್ತೆ ಮುಂದುವರಿಯುವುದು. ಬೆರಳನ್ನು ಹಿಂಬಾಲಿಸಲಾರದ ಪುಟ್ಟ ಮಕ್ಕಳಿಗೆ ಮಂಡಿಯನ್ನು ಎಡಬಲ ತಟ್ಟುವುದುಂಟು, ಕೈಗೊಂಬೆ ಕುಣಿಸುವುದುಂಟು. ಬರ್ಕ್ಲಿಯ ಮಕ್ಕಳ ವೈದ್ಯೆ ಜೋನ್ ಲವೆಟ್, ಮಾತು ಬಾರದ ವಯಸ್ಸಿನಲ್ಲಿ ಆಘಾತಕ್ಕೊಳಗಾದ ಮಕ್ಕಳಿಗಾಗಿ ಇನ್ನೊಂದು ದಾರಿ ತೋರಿದರು: ತಾಯಿಯೋ ತಂದೆಯೋ ನಡೆದದ್ದನ್ನು ಒಂದು ಕಥೆಯಾಗಿ, ಕೊನೆಗೆ ಮಗು ಕ್ಷೇಮವಾಗಿರುವ ಕಥೆಯಾಗಿ, ಹೇಳುತ್ತಿರುವಾಗ ಆ ತಟ್ಟುವಿಕೆ ನಡೆಯುತ್ತದೆ.

ಈ ವಿಧಾನದ ನಿಜವಾದ ವಿಶೇಷ ಬೆರಳಿನಲ್ಲಿಲ್ಲ, ಇದರಲ್ಲಿದೆ: ನಡೆದದ್ದೆಲ್ಲವನ್ನೂ ಮಗು ಬಾಯಿಬಿಟ್ಟು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಮಾಡಿಕೊಂಡು ಬರಬೇಕಾದ ಅಭ್ಯಾಸಪಾಠವಿಲ್ಲ. 'ನಿನ್ನ ಯೋಚನೆ ತಪ್ಪು' ಎಂದು ಎದುರು ವಾದಿಸುವುದಿಲ್ಲ. ನಾಚಿಕೆಯಿಂದ ಮಾತು ಕಟ್ಟಿಹೋದ ಹುಡುಗಿಗೂ, ಆ ದೇಶದ ಭಾಷೆ ಇನ್ನೂ ಹಿಡಿತಕ್ಕೆ ಬಾರದ ನಿರಾಶ್ರಿತ ಹುಡುಗನಿಗೂ ಇದು ಸಣ್ಣ ಅನುಕೂಲವಲ್ಲ.

ಪುರಾವೆಯ ಮಾತಿಗೆ ಬಂದರೆ, ಅದು ಪವಾಡದ್ದೂ ಅಲ್ಲ, ಮೋಸದ್ದೂ ಅಲ್ಲ. 1992ರ ಸೆಪ್ಟೆಂಬರಿನಲ್ಲಿ ಇನಿಕಿ ಚಂಡಮಾರುತ ಹವಾಯಿಯ ಕವಾಯಿ ದ್ವೀಪವನ್ನು ಜಜ್ಜಿಹಾಕಿತು. ವರ್ಷಗಳು ಕಳೆದ ಮೇಲೂ, ಬೇರೊಂದು ನೆರವಿನಿಂದ ಗುಣ ಕಾಣದೆ ಉಳಿದಿದ್ದ 32 ಶಾಲಾಮಕ್ಕಳಿಗೆ ಕ್ಲಾಡ್ ಕೆಮ್ಟಾಬ್ ಮತ್ತು ಸಂಗಡಿಗರು ಈ ಚಿಕಿತ್ಸೆಯ ಮೂರು ಭೇಟಿಗಳನ್ನು ಕೊಟ್ಟರು. ಮಕ್ಕಳ ಲಕ್ಷಣಗಳು ಇಳಿದವು. ಇಳಿದದ್ದು ಆರು ತಿಂಗಳ ನಂತರವೂ ಉಳಿದಿತ್ತು. 2002ರಲ್ಲಿ ಪ್ರಕಟವಾದ ಆ ವರದಿಯ ಒಂದು ವಿವರ ಯಾವ ಅಂಕಪಟ್ಟಿಗಿಂತಲೂ ಹೆಚ್ಚು ಹೇಳುತ್ತದೆ: ಮಕ್ಕಳು ಶಾಲೆಯ ದಾದಿಯ ಕೋಣೆಗೆ ಹೋಗುವುದು ಕಡಿಮೆಯಾಯಿತು. ಹೊಟ್ಟೆನೋವು, ತಲೆನೋವು ಎಂದು ಬರುವ ಮಗುವಿನ ಹಿಂದೆ ಏನಿರಬಹುದೆಂದು ಪ್ರತಿಯೊಬ್ಬ ಶಿಕ್ಷಕಿಗೂ ಗೊತ್ತು.

2000ದ ಮೇ 13ರಂದು ನೆದರ್ಲೆಂಡ್ಸಿನ ಎನ್‌ಸ್ಖೆಡೆ ನಗರದ ವಸತಿ ಪ್ರದೇಶದ ನಡುವೆಯೇ ಇದ್ದ ಪಟಾಕಿ ಗೋದಾಮು ಸ್ಫೋಟಿಸಿ 23 ಮಂದಿ ಸತ್ತರು, ಒಂದು ಇಡೀ ಬಡಾವಣೆ ಬೂದಿಯಾಯಿತು. ಪಟಾಕಿ ಗೋದಾಮುಗಳ ಬೆಂಕಿ ಕರ್ನಾಟಕಕ್ಕೆ ಹೊಸತಲ್ಲ. 2023ರ ಅಕ್ಟೋಬರಿನಲ್ಲಿ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಸುಟ್ಟುಹೋದವರನ್ನು ಇಲ್ಲಿ ನೆನೆಯಬೇಕು. ಎನ್‌ಸ್ಖೆಡೆ ಆ ಮಕ್ಕಳಿಗಾಗಿ ವಿಶೇಷ ಚಿಕಿತ್ಸೆಯ ವ್ಯವಸ್ಥೆ ಮಾಡಿತು. ಕಾರ್ಲೈನ್ ಡಿ ರೋಸ್ ಮತ್ತು ಸಂಗಡಿಗರು 4ರಿಂದ 18 ವರ್ಷದ 52 ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಅರಿವಿನ ವರ್ತನಾ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಕಣ್ಣಿನ ಚಲನೆಯ ಚಿಕಿತ್ಸೆಯನ್ನೂ ಕೊಟ್ಟರು. ಎರಡೂ ಗುಂಪುಗಳು ಗುಣ ಕಂಡವು. ಎರಡನೆಯದಕ್ಕೆ ಕಡಿಮೆ ಭೇಟಿಗಳು ಸಾಕಾದವು. ಇದೇ ತಂಡ 2017ರಲ್ಲಿ 103 ಮಕ್ಕಳ ಮೇಲಿನ ಇನ್ನಷ್ಟು ಬಿಗಿಯಾದ ಅಧ್ಯಯನವನ್ನು ಪ್ರಕಟಿಸಿತು. ಅಪಘಾತ, ಹಲ್ಲೆಯಂಥ ಒಂದೇ ಒಂದು ಘಟನೆಯಿಂದ ನೊಂದ ಆ ಮಕ್ಕಳಲ್ಲಿ, ಈ ಚಿಕಿತ್ಸೆ ಪಡೆದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಕಾಯಿಲೆಯ ವ್ಯಾಖ್ಯೆಯಿಂದ ಹೊರಬಂದರು. ಬರವಣಿಗೆಯ ಮೂಲಕ ನಡೆಸಿದ ಇನ್ನೊಂದು ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿತೆಂಬುದನ್ನು ಉತ್ಸಾಹಿಗಳು ಸಾಮಾನ್ಯವಾಗಿ ಹೇಳಲು ಮರೆಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಮಕ್ಕಳಿಗೂ ದೊಡ್ಡವರಿಗೂ ಈ ಎರಡೂ ಬಗೆಯ ಚಿಕಿತ್ಸೆಗಳನ್ನು ಶಿಫಾರಸು ಮಾಡಿತು. ಮಕ್ಕಳ ಮಟ್ಟಿಗೆ ಇಎಂಡಿಆರ್ ಕುರಿತ ಪುರಾವೆಯ ಗುಣಮಟ್ಟ ಇನ್ನೂ ತೆಳುವಾಗಿದೆ ಎಂದೂ ಅದು ಗುರುತಿಸಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇನ್ನೂ ಎಚ್ಚರಿಕೆಯದು: 7ರಿಂದ 17 ವರ್ಷದ ಮಕ್ಕಳಿಗೆ ಮೊದಲು ಆಘಾತಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆ, ಅದು ಫಲಿಸದಿದ್ದರೆ ಅಥವಾ ಮಗು ಅದಕ್ಕೆ ಒಗ್ಗದಿದ್ದರೆ ಮಾತ್ರ ಇದು. ಎರಡು ಗಂಭೀರ ಸಂಸ್ಥೆಗಳು ಒಂದೇ ರಾಶಿ ಕಾಗದವನ್ನು ನೋಡಿ ತುಸು ಬೇರೆ ಮಾತು ಹೇಳುವುದರಲ್ಲಿ ಹಗರಣವೇನೂ ಇಲ್ಲ. ವಿಜ್ಞಾನ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ.

ಹಾಗಾದರೆ ಬೆರಳಿನ ಪಾತ್ರವೇನು? ಇಲ್ಲಿ ಜಗಳ ಹಳೆಯದು, ಕೆಲವೊಮ್ಮೆ ಕಹಿಯಾದದ್ದು. ಈ ವಿಧಾನದಲ್ಲಿ ಕೆಲಸ ಮಾಡುವ ಅಂಶ ಹಳೆಯದು, ಹೊಸದಾದ ಅಂಶ ಕೆಲಸ ಮಾಡುವುದಿಲ್ಲ ಎಂಬರ್ಥದಲ್ಲಿ ಹಾರ್ವರ್ಡಿನ ರಿಚರ್ಡ್ ಮೆಕ್‌ನಾಲಿ 1999ರಲ್ಲಿ ಛೇಡಿಸಿದ್ದರು. ಹದಿನೆಂಟನೆಯ ಶತಮಾನದ ಮೆಸ್ಮರನ ಕಾಂತಚಿಕಿತ್ಸೆಗೆ ಇದನ್ನು ಹೋಲಿಸಿದ್ದರು. 2001ರ ಒಂದು ಸಮಗ್ರ ವಿಶ್ಲೇಷಣೆ ಕಣ್ಣಿನ ಚಲನೆ ಇದ್ದರೂ ಇಲ್ಲದಿದ್ದರೂ ಫಲ ಒಂದೇ ಎಂದಿತು; 2013ರ ಇನ್ನೊಂದು, ಇಲ್ಲ, ಅದರಿಂದ ಹೆಚ್ಚಿನ ಲಾಭವಿದೆ ಎಂದಿತು. ಇಂದು ಹೆಚ್ಚು ಬೆಂಬಲ ಪಡೆದಿರುವ ವಿವರಣೆ ನಿರಾಡಂಬರವಾದದ್ದು. ಮನಸ್ಸಿನಲ್ಲಿ ಒಂದು ಹೊತ್ತಿಗೆ ಹಿಡಿದಿಡಬಹುದಾದಷ್ಟಕ್ಕೆ ಮಿತಿಯಿದೆ. ಭಯದ ಚಿತ್ರವನ್ನು ಹಿಡಿದಿರುವಾಗಲೇ ಕಣ್ಣಿಗೆ ಇನ್ನೊಂದು ಕೆಲಸ ಕೊಟ್ಟರೆ ಚಿತ್ರಕ್ಕೆ ಜಾಗ ಸಾಲದೆ ಅದರ ಬಣ್ಣ ತುಸು ಮಾಸುತ್ತದೆ, ಮಾಸಿದ ಸ್ಥಿತಿಯಲ್ಲೇ ಅದು ಮತ್ತೆ ಸಂಗ್ರಹವಾಗುತ್ತದೆ. ಉಟ್ರೆಕ್ಟಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತಿತರರ ಪ್ರಯೋಗಗಳಲ್ಲಿ ಇದಕ್ಕೆ ಆಧಾರವಿದೆ. ಲೆಕ್ಕ ಮಾಡುವಂಥ ಬೇರೆ ಕೆಲಸಗಳೂ ಇದೇ ಬಗೆಯ ಪರಿಣಾಮ ಬೀರುತ್ತವೆ. ಅಂದರೆ ಬೆರಳಿನಲ್ಲಿ ಮಂತ್ರವಿಲ್ಲ. ಎಡ ಮೆದುಳು, ಬಲ ಮೆದುಳು ಎಂದು ಬಣ್ಣದ ಚಿತ್ರ ತೋರಿಸಿ ದುಬಾರಿ ಶುಲ್ಕ ಕೇಳುವವರ ಬಗ್ಗೆ ಎಚ್ಚರ ಬೇಕಾಗಿರುವುದು ಇದಕ್ಕಾಗಿಯೇ. ಆರಂಭದ ವರ್ಷಗಳಲ್ಲಿ ತರಬೇತಿ ಪಡೆದವರು ಇತರರಿಗೆ ಕಲಿಸಬಾರದೆಂಬ ಷರತ್ತಿಗೆ ಸಹಿ ಹಾಕಬೇಕಾಗಿತ್ತು. ಮಗುವಿನ ಕಣ್ಣೀರು ಒರೆಸುವ ವಿದ್ಯೆಗೆ ಬೇಲಿ ಹಾಕುವ ಆ ಮನೋಭಾವ ಇಂದಿಗೂ ಪೂರ್ತಿ ಹೋಗಿಲ್ಲ. ಹಂತಹಂತದ ಪ್ರಮಾಣಪತ್ರಗಳ, ಸಾವಿರಾರು ಡಾಲರುಗಳ ರೂಪದಲ್ಲಿ ಉಳಿದಿದೆ.

ಬೇಲಿಯಾಚೆಗೂ ಒಂದು ಕಥೆಯಿದೆ. 1997ರ ಅಕ್ಟೋಬರಿನಲ್ಲಿ ಪಾಲೀನ್ ಚಂಡಮಾರುತ ಮೆಕ್ಸಿಕೋದ ಅಕಾಪುಲ್ಕೋವನ್ನು ಅಪ್ಪಳಿಸಿದಾಗ, ಬೆಟ್ಟದ ಇಳಿಜಾರುಗಳ ಬಡವರ ಮನೆಗಳು ಕೆಸರಿನಲ್ಲಿ ಕೊಚ್ಚಿಹೋದವು. ಬದುಕುಳಿದ ಮಕ್ಕಳ ಸಂಖ್ಯೆ ದೊಡ್ಡದು, ಚಿಕಿತ್ಸಕರು ಬೆರಳೆಣಿಕೆಯವರು. ಒಬ್ಬೊಬ್ಬ ಮಗುವಿನ ಮುಂದೆ ಒಬ್ಬೊಬ್ಬರು ಕೂರುವುದು ಸಾಧ್ಯವೇ ಇರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಲುಸೀನಾ ಆರ್ತಿಗಾಸ್ ಮಕ್ಕಳಿಗೆ ಎರಡೂ ತೋಳುಗಳನ್ನು ಎದೆಯ ಮೇಲೆ ಅಡ್ಡಹಾಕಿ, ಅಂಗೈಗಳಿಂದ ತಮ್ಮ ಭುಜವನ್ನು ತಾವೇ ಒಂದಾದ ಮೇಲೊಂದರಂತೆ ತಟ್ಟಿಕೊಳ್ಳಲು ಕಲಿಸಿದರು. ಅದಕ್ಕೆ 'ಚಿಟ್ಟೆಯ ಅಪ್ಪುಗೆ' ಎಂದು ಹೆಸರಾಯಿತು. ಇಗ್ನಾಸಿಯೋ ಹರೇರೋ ಜೊತೆ ಸೇರಿ ಅವರು ರೂಪಿಸಿದ ಗುಂಪು ವಿಧಾನದಲ್ಲಿ ಮಕ್ಕಳು ಒಟ್ಟಿಗೆ ಕೂತು ನಡೆದದ್ದನ್ನು ಚಿತ್ರವಾಗಿ ಬಿಡಿಸುತ್ತಾರೆ, ಎಷ್ಟು ನೋವೆಂದು ಪಕ್ಕದಲ್ಲಿ ಗುರುತು ಹಾಕುತ್ತಾರೆ, ಚಿತ್ರವನ್ನು ನೋಡುತ್ತ ಭುಜ ತಟ್ಟಿಕೊಳ್ಳುತ್ತಾರೆ, ಮತ್ತೊಂದು ಚಿತ್ರ ಬಿಡಿಸುತ್ತಾರೆ. ಈ ಕ್ರಮ ಅಲ್ಲಿಂದ ಭೂಕಂಪ, ಪ್ರವಾಹ, ನಿರಾಶ್ರಿತರ ಶಿಬಿರಗಳಿಗೆಲ್ಲ ಹಬ್ಬಿತು. ಗುಂಪು ವಿಧಾನದ ಪುರಾವೆ ಒಬ್ಬೊಬ್ಬರಿಗೆ ಕೊಡುವ ಚಿಕಿತ್ಸೆಯಷ್ಟು ಗಟ್ಟಿಯಾಗಿಲ್ಲ, ನಿಜ. ಆದರೆ ಅಭಾವದ ನಡುವೆ ಹುಟ್ಟಿ, ಚಿಕಿತ್ಸೆಯ ಸಾಧನವನ್ನು ತಜ್ಞರ ಕೈಯಿಂದ ಮಗುವಿನ ಕೈಗೇ ಕೊಟ್ಟದ್ದರಲ್ಲಿ ಒಂದು ಪ್ರಜಾಸತ್ತೆ ಇದೆ. ಭಾರತದಲ್ಲೂ ಈ ವಿದ್ಯೆಯ ಹರಡುವಿಕೆಗೆ ಒಂದು ದೊಡ್ಡ ತಿರುವಾದದ್ದು ನಗರದ ಖಾಸಗಿ ಕ್ಲಿನಿಕ್ ಅಲ್ಲ, 2001ರ ಜನವರಿ 26ರ ಗುಜರಾತ್ ಭೂಕಂಪ.

ಇಷ್ಟು ಹೇಳಿದ ಮೇಲೆ ಕಠಿಣವಾದ ಪ್ರಶ್ನೆಗೆ ಬರಬೇಕು. ಈ ಇಡೀ ವಿಧಾನ ಒಂದು ಊಹೆಯ ಮೇಲೆ ನಿಂತಿದೆ: ಅಪಾಯ ಮುಗಿದಿದೆ, ನೆನಪು ಮಾತ್ರ ಉಳಿದಿದೆ. ಅಪಾಯ ಮುಗಿಯದಿದ್ದರೆ? ಗಾಜಾದ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮಾನಸಿಕ ನೆರವು ಬೇಕೆಂದು ಯುನಿಸೆಫ್ 2024ರ ಆರಂಭದಲ್ಲೇ ಅಂದಾಜಿಸಿತ್ತು. ಪ್ಯಾಲೆಸ್ತೀನಿನ ಮನೋವೈದ್ಯೆ ಸಮಾಹ್ ಜಬ್ರ್ ಬಹುಕಾಲದಿಂದ ಎತ್ತುತ್ತಿರುವ ತಕರಾರು ನೇರವಾದದ್ದು: 'ಆಘಾತೋತ್ತರ' ಎನ್ನಲು ಇಲ್ಲಿ 'ಉತ್ತರ' ಎಂಬ ಕಾಲವೇ ಬಂದಿಲ್ಲ, ಬಾಂಬಿನ ಸದ್ದಿಗೆ ಬೆಚ್ಚುವ ಮಗುವಿನ ಮನಸ್ಸು ಕಾಯಿಲೆಗೆ ಬಿದ್ದಿಲ್ಲ, ಅದು ಪರಿಸ್ಥಿತಿಯನ್ನು ಸರಿಯಾಗಿಯೇ ಓದುತ್ತಿದೆ. ಆ ಮಗುವಿಗೆ 'ಈಗ ನೀನು ಸುರಕ್ಷಿತ' ಎಂದು ಹೇಳುವುದು ಚಿಕಿತ್ಸೆಯಲ್ಲ, ಸುಳ್ಳು.

ಪ್ರಗತಿಪರ ವಲಯದಲ್ಲಿ ಈ ವಾದವನ್ನು ಮುಂದಕ್ಕೆಳೆದು, ಆಘಾತಚಿಕಿತ್ಸೆಯೆಂಬುದೇ ಅನ್ಯಾಯವನ್ನು ವ್ಯಕ್ತಿಯ ತಲೆಯೊಳಗೆ ಬಚ್ಚಿಡುವ ಉಪಾಯ ಎಂದು ತಳ್ಳಿಹಾಕುವವರಿದ್ದಾರೆ. 2004ರ ಸುನಾಮಿಯ ನಂತರ ಶ್ರೀಲಂಕಾಕ್ಕೆ ನುಗ್ಗಿದ ವಿದೇಶಿ ಆಪ್ತಸಮಾಲೋಚಕರ ದಂಡು, ಅಲ್ಲಿನ ಜನ ದುಃಖವನ್ನು ಹೇಗೆ ಹೇಳುತ್ತಾರೆಂದು ಕೇಳದೆಯೇ ಪ್ರಶ್ನಾವಳಿ ಹಂಚಿದ್ದನ್ನು ಈಥನ್ ವಾಟರ್ಸ್ ದಾಖಲಿಸಿದ್ದಾರೆ. ಆ ಟೀಕೆ ನ್ಯಾಯವಾದದ್ದು. ಆದರೆ ಅಲ್ಲಿಂದ, ನ್ಯಾಯ ಸಿಗುವ ತನಕ ಮಗುವಿಗೆ ಚಿಕಿತ್ಸೆ ಬೇಡ ಎಂಬಲ್ಲಿಗೆ ಜಿಗಿಯುವುದು ದೊಡ್ಡವರ ರಾಜಕೀಯಕ್ಕೆ ಮಗುವನ್ನು ಕಾಯಿಸಿದಂತೆ. ಪ್ಯಾಲೆಸ್ತೀನಿನ ಚಿಕಿತ್ಸಕರೇ ಹಾಗೆ ಮಾಡಿಲ್ಲ. ಇಯಾದ್ ಅಲ್ ಸರ್ರಾಜ್ 1990ರಲ್ಲಿ ಗಾಜಾದ ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕಟ್ಟಿದಾಗ, ರೋಗಿಗಳನ್ನು ನೋಡುವುದನ್ನೂ ಮಾನವಹಕ್ಕುಗಳಿಗಾಗಿ ಬಡಿದಾಡುವುದನ್ನೂ ಒಂದೇ ಕೆಲಸವೆಂದು ತಿಳಿದರು. ನಿರಾಶ್ರಿತರ ಶಿಬಿರವೊಂದರ ಕೆಲವೇ ಮಕ್ಕಳಿಗೆ ಇಎಂಡಿಆರ್ ಗುಂಪು ಚಿಕಿತ್ಸೆ ಕೊಟ್ಟ ಮೋನಾ ಝಘ್ರೂತ್ ಹೊದಾಲಿ ಮತ್ತು ಸಂಗಡಿಗರ 2008ರ ವರದಿ, ಹಿಂಸೆ ನಿಲ್ಲದ ಜಾಗದಲ್ಲೂ ಮಕ್ಕಳ ತಾಳಿಕೆಯನ್ನು ಗಟ್ಟಿಮಾಡಬಹುದೆಂದು ವಾದಿಸಿತು. ಪ್ರಯೋಗ ತೀರಾ ಚಿಕ್ಕದು. ಅದರಿಂದ ದೊಡ್ಡ ತೀರ್ಮಾನ ಎಳೆಯುವಂತಿಲ್ಲ. ಆದರೂ ರಾತ್ರಿ ನಿದ್ದೆ ಮಾಡಬಲ್ಲ ಮಗುವಿಗೆ ಬೆಳಗಿನ ಅನ್ಯಾಯ ಕಾಣದೇನೂ ಹೋಗುವುದಿಲ್ಲ.

ಮುಗಿಯದ ಅಪಾಯವನ್ನು ನೋಡಲು ಗಾಜಾದವರೆಗೆ ಹೋಗಬೇಕಾಗಿಯೂ ಇಲ್ಲ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಹೊರತಂದ ವರದಿಯಲ್ಲಿ, ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದಾಗಿ ಹೇಳಿದ್ದರು. ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ನಂಬಿಕೆಯ ಸ್ಥಾನದಲ್ಲಿದ್ದವರು. ಐದು ವರ್ಷಗಳ ನಂತರ ಪೋಕ್ಸೊ ಕಾಯ್ದೆ ಬಂತು. ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಸಾಧ್ಯವಾದಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು, ಮಗುವನ್ನು ಪದೇಪದೇ ಕರೆಸಬಾರದು ಎಂದು ಅದು ಹೇಳುತ್ತದೆ. ಕಾಯ್ದೆಯ ಅಕ್ಷರ ಮಗುವಿನ ಪರ ಇದೆ. ಆದರೆ ವಿಚಾರಣೆ ವರ್ಷ ದಾಟಿ ಎಳೆಯುವಾಗ, ಆರೋಪಿ ಜಾಮೀನಿನ ಮೇಲೆ ಅದೇ ಬೀದಿಗೆ ಮರಳಿದಾಗ, ಚಿಕಿತ್ಸಕರ ಮುಂದೆ ಒಂದು ಇಕ್ಕಟ್ಟು ಬರುತ್ತದೆ. ಈಗಲೇ ನೆನಪಿನ ಮೊನೆ ಮೊಂಡು ಮಾಡಿದರೆ ಸಾಕ್ಷ್ಯ ದುರ್ಬಲವಾಯಿತೆಂದು, ಮಾತು ತಿದ್ದಿಸಲಾಯಿತೆಂದು ಎದುರು ವಕೀಲರು ಹೇಳಬಹುದು. ವಿಚಾರಣೆ ಮುಗಿಯಲೆಂದು ಕಾದರೆ ಮಗುವಿನ ಬಾಲ್ಯವೇ ಮುಗಿಯಬಹುದು.

ಈ ಇಕ್ಕಟ್ಟು ಬ್ರಿಟನ್ನಿನಲ್ಲೂ ದಶಕಗಳ ಕಾಲ ಮಕ್ಕಳನ್ನು ಕಾಡಿತು. ಮೊಕದ್ದಮೆಯ ನೆಪದಿಂದ ಚಿಕಿತ್ಸೆಯನ್ನು ತಡಮಾಡಬಾರದು, ಮಗುವಿನ ಹಿತವೇ ಮೊದಲು ಎಂದು ಅಲ್ಲಿನ ಸರ್ಕಾರಿ ಅಭಿಯೋಜನಾ ಇಲಾಖೆ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತು. ಪೋಕ್ಸೊ ಕಾಯ್ದೆಯ 39ನೇ ಕಲಮು ವಿಚಾರಣೆಗೆ ಮುನ್ನ ಮತ್ತು ವಿಚಾರಣೆಯ ಹೊತ್ತಿನಲ್ಲಿ ತಜ್ಞರ ನೆರವಿಗಾಗಿ ಮಾರ್ಗಸೂಚಿ ರೂಪಿಸುವ ಹೊಣೆಯನ್ನು ರಾಜ್ಯ ಸರ್ಕಾರಗಳ ಮೇಲೆ ಹೊರಿಸಿದೆ. ಹಾಗಿದ್ದ ಮೇಲೆ ಯಾವ ಹಂತದಲ್ಲಿ ಯಾವ ಚಿಕಿತ್ಸೆ, ಅದರ ದಾಖಲೆ ಹೇಗೆ, ಆ ದಾಖಲೆಯನ್ನು ಯಾರು ಕೇಳಬಹುದು, ಯಾರು ಕೇಳಬಾರದು ಎಂಬುದನ್ನು ಕನ್ನಡದಲ್ಲಿ, ತಾಲ್ಲೂಕು ಮಟ್ಟದ ಸಿಬ್ಬಂದಿಗೆ ಅರ್ಥವಾಗುವಂತೆ ಬರೆದಿಡುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಕರ್ನಾಟಕ ಅದನ್ನು ಮಾಡಬಲ್ಲದು.

ಮಾಡಬಲ್ಲದು ಎನ್ನುವುದು ಬರಿಯ ಆಸೆಯ ಮಾತಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ನೋಡಿಕೊಳ್ಳಬಲ್ಲರೆಂದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿಯೇ. ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಮಕ್ಕಳೊಡನೆ ಕೆಲಸ ಮಾಡಿದವರೂ, ದೂರವಾಣಿಯ ಮೂಲಕ ನೆರವು ನೀಡುವ 2022ರ ಟೆಲಿ ಮಾನಸ್ ಯೋಜನೆಯ ಚುಕ್ಕಾಣಿ ಹಿಡಿದವರೂ ಇದೇ ಸಂಸ್ಥೆಯವರು. ಇನ್ನೊಂದು ಕಡೆಯ ಸತ್ಯವೂ ಇದೇ ಸಂಸ್ಥೆಯ ಮುಂದಾಳತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿದೆ: 13ರಿಂದ 17 ವರ್ಷದವರಲ್ಲಿ ಶೇಕಡಾ 7ರಷ್ಟು ಮಂದಿಗೆ ಮಾನಸಿಕ ತೊಂದರೆಯಿದೆ, ಬೇರೆ ಬೇರೆ ಕಾಯಿಲೆಗಳಿಗೆ ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡಾ 70ರಿಂದ 92. ಬೆಂಗಳೂರಿನಲ್ಲಿ ಗಂಟೆಗೆ ಸಾವಿರಾರು ರೂಪಾಯಿ ಕೊಟ್ಟು ಇಎಂಡಿಆರ್ ಪಡೆಯುವ ಮಗುವಿಗೂ, ರಾಯಚೂರಿನ ವಸತಿ ಶಾಲೆಯಲ್ಲಿ ರಾತ್ರಿ ಕಿರುಚಿ ಏಳುವ ಮಗುವಿಗೂ ನಡುವೆ ಇರುವುದು ಚಿಕಿತ್ಸಾ ವಿಧಾನದ ಅಂತರವಲ್ಲ. ಜಾತಿಯ, ವರ್ಗದ, ಜಿಲ್ಲೆಯ ಅಂತರ.

ಭಾಷೆಯ ಅಂತರವೂ ಹೌದು. ಈ ಚಿಕಿತ್ಸೆಗೆ ಮಾತು ಕಡಿಮೆ ಸಾಕು ಎಂಬುದು ನಿಜವಾದರೂ, ಆ ಕಡಿಮೆ ಮಾತು ಮಗುವಿನದೇ ಆಗಿರಬೇಕು. 'ನಾನು ಅಸಹಾಯಕ' ಎಂದು ಅನುವಾದಿತ ಪ್ರಶ್ನಾವಳಿ ಕೇಳಿದರೆ ಕೊಡಗಿನ ಎಸ್ಟೇಟ್ ಲೈನಿನ ಮಗುವಿಗೆ ಏನು ತಿಳಿದೀತು? 'ಎದೆ ಡವಡವ ಅಂತು', 'ಕೈಕಾಲು ಬಿದ್ದೋಯ್ತು', 'ಜೀವ ಬಾಯಿಗೆ ಬಂತು' ಎನ್ನುವ ಭಾಷೆಯಲ್ಲಿ ಮೈಯ ಭೂಪಟವೇ ಇದೆ. ಯಾವ ಅಂಗದಲ್ಲಿ ಹಿಂಸೆ ಎಂದು ಕೇಳುವ ಚಿಕಿತ್ಸೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ತುಳು, ಕೊಡವ, ಬ್ಯಾರಿ, ಲಂಬಾಣಿ, ದಖನಿ ಮಾತನಾಡುವ ಮಕ್ಕಳಿಗೆ ಕನ್ನಡವೂ ಎರಡನೆಯ ಭಾಷೆ ಎಂಬುದನ್ನು ಬೆಂಗಳೂರಿನ ತಜ್ಞರು ನೆನಪಿಡುವುದು ಒಳ್ಳೆಯದು.

ಅನಿವಾಸಿ ಕನ್ನಡಿಗರಿಗೆ ಈ ತೊಡಕು ಇನ್ನೊಂದು ಕಡೆಯಿಂದ ಗೊತ್ತು. ಹೊರದೇಶದ ಆಸ್ಪತ್ರೆಗಳಲ್ಲಿ ಇಂಗ್ಲಿಷೋ ಜರ್ಮನ್ನೋ ಬಾರದ ತಾಯಿಗೆ ಹತ್ತು ವರ್ಷದ ಮಗಳೇ ದುಭಾಷಿಯಾಗುವುದುಂಟು. ಮನೆಯ ಹಿಂಸೆಯ ವಿಚಾರವಾಗಿದ್ದರೆ, ಹೇಳಬಾರದ್ದನ್ನು ಅನುವಾದಿಸುವ ಶಿಕ್ಷೆಯೂ ಆ ಮಗುವಿಗೇ. ಸಂಘಗಳ ದೀಪಾವಳಿ ವೇದಿಕೆಯಲ್ಲಿ ಈ ವಿಷಯಕ್ಕೆ ಜಾಗವಿಲ್ಲ. ಮಾನ, ಮರ್ಯಾದೆ, ವೀಸಾ ಎಂಬ ಮೂರು ಪದಗಳು ಅದನ್ನು ಬಾಗಿಲಲ್ಲೇ ತಡೆಯುತ್ತವೆ. ಇದೇ ದೇಶಗಳಲ್ಲಿ ಕನ್ನಡ ಬಲ್ಲ ಮನೋವೈದ್ಯರು, ಸಮಾಜಕಾರ್ಯಕರ್ತರು, ಶಿಕ್ಷಕರು ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಗಳನ್ನು ಆಡುಮಾತಿನ ಕನ್ನಡಕ್ಕೆ ತಂದು ಉಚಿತವಾಗಿ ಹಂಚುವುದು, ಕರ್ನಾಟಕದ ಸರ್ಕಾರಿ ಸಮಾಲೋಚಕರಿಗೆ ದೂರದಿಂದಲೇ ನಿಯಮಿತ ಮಾರ್ಗದರ್ಶನ ನೀಡುವುದು, ತರಬೇತಿಯ ಬೇಲಿ ಮುರಿಯಲು ಶುಲ್ಕ ಭರಿಸುವುದು ಅವರಿಗೆ ಅಸಾಧ್ಯವೇನಲ್ಲ.

ಹಣ ಕಳಿಸುವ ರೀತಿಯೂ ಬದಲಾಗಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬೆಟ್ಟ ಜಾರಿದಾಗ, ಅದೇ ತಿಂಗಳು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಇಲ್ಲವಾದಾಗ ಹೊರದೇಶಗಳಿಂದ ನೆರವು ಹರಿಯಿತು. ಇಂಥ ನೆರವು ಸಾಮಾನ್ಯವಾಗಿ ಅಕ್ಕಿ, ಕಂಬಳಿ, ಶಾಲಾಚೀಲ, ಮನೆಯ ಗೋಡೆಗಳ ರೂಪ ತಾಳುತ್ತದೆ, ಅವೆಲ್ಲ ಬೇಕಾದವೇ. ಆದರೆ ಒಬ್ಬ ತರಬೇತಾದ ಸಮಾಲೋಚಕಿ ಒಂದೇ ತಾಲ್ಲೂಕಿನಲ್ಲಿ ಐದು ವರ್ಷ ನೆಲೆಸುವ ಸಂಬಳಕ್ಕೆ ಯಾವ ರಸೀದಿಪುಸ್ತಕದಲ್ಲೂ ಅಂಕಣವಿರುವುದಿಲ್ಲ, ಅದರ ಫೋಟೋ ತೆಗೆಯಲಾಗುವುದೂ ಇಲ್ಲ. ಆಘಾತದ ಲಕ್ಷಣಗಳು ಪರಿಹಾರ ಶಿಬಿರ ಮುಚ್ಚುವ ದಿನಕ್ಕೆ ಮುಗಿಯುವುದಿಲ್ಲ. ಹಲವು ಮಕ್ಕಳಲ್ಲಿ ಅವು ಆಗಲೇ ಶುರುವಾಗುತ್ತವೆ. ಕೊಡಗಿನ ಆ ರಾತ್ರಿಗಳಲ್ಲಿ ಆರು ವರ್ಷದವರಾಗಿದ್ದ ಮಕ್ಕಳು ಈಗ ಹೈಸ್ಕೂಲಿನ ವಯಸ್ಸಿನಲ್ಲಿದ್ದಾರೆ. ಪ್ರತಿ ಜೂನಿನಲ್ಲೂ ಮಳೆ ಬರುತ್ತದೆ.